ಬಲೆ ಖಾಲಿ ಬಂದರೆ: ಏಡಿ ಹಿಡಿಯುವ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಬಲೆ ಖಾಲಿ ಬಂದರೆ ಹೊಸಬರು ಮೊದಲು ಮಾಡುವ ಕೆಲಸ ಜಾಗ ಬದಲಿಸುವುದು. ಹೆಚ್ಚಿನ ಸಲ ಅದು ಅವಸರ. ಏಡಿ ಇಲ್ಲದಿದ್ದರೂ ಬಲೆಯಲ್ಲಿ ಅದನ್ನು ಸೆಳೆಯಲು ಕಟ್ಟಿದ ಎರೆ ಇರುತ್ತದೆ, ಇಲ್ಲವೇ ಎರೆ ಇದ್ದ ಗುರುತಾದರೂ ಇರುತ್ತದೆ. ನೀರಿನಡಿ ಏನು ನಡೆಯಿತು ಎಂದು ಹೇಳುವ ಸಾಕ್ಷಿ ಅದೊಂದೇ. ಆದ್ದರಿಂದ ಹಳೆಯ ಎರೆಯನ್ನು ಬಿಸಾಡಿ ಹೊಸದು ಕಟ್ಟುವ ಮುಂಚೆ ಅದನ್ನು ಕೈಯಲ್ಲಿ ಹಿಡಿದು ಅರ್ಧ ನಿಮಿಷ ತಿರುಗಿಸಿ ನೋಡಿ. ದೋಷ ಎಲ್ಲಿದೆ ಎನ್ನುವುದು ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ಮಾತಾಡುವುದು ಮೂರು ಸಲಕರಣೆಗಳ ಬಗ್ಗೆ. ಕೊಕ್ಕೆ ಇಲ್ಲದೆ, ದಾರಕ್ಕೆ ಎರೆ ಕಟ್ಟಿ ಇಳಿಬಿಡುವ ಕೈದಾರ. ಎರಡು ಬಳೆಗಳಿಗೆ ನೂಲು ಹೆಣೆದ, ತಳದಲ್ಲಿ ಚಪ್ಪಟೆ ಬಿದ್ದಿದ್ದು ಎಳೆದಾಗ ಬುಟ್ಟಿಯಾಗುವ ರಿಂಗ್ ಬಲೆ. ಒಳಗೆ ಹೋದ ಏಡಿ ಹೊರಗೆ ಬಾರದಂತೆ ಬಾಗಿಲಿರುವ ಬೋನು. ಕೈದಾರ ಮತ್ತು ರಿಂಗ್ ಬಲೆ ಏಡಿಯನ್ನು ಹಿಡಿದಿಡುವುದಿಲ್ಲ; ಅದು ತಿನ್ನುತ್ತಿರುವಾಗಲೇ ಮೇಲೆತ್ತಬೇಕು. ಬೋನು ಹಿಡಿದಿಡುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಇರುವುದಿಲ್ಲ.

ಎರೆಯ ಸ್ಥಿತಿ ಏನು ಹೇಳುತ್ತದೆ

ಎರೆ ಕಟ್ಟಿದ ಹಾಗೆಯೇ ಇದೆ, ಒಂದು ಗೀರೂ ಇಲ್ಲ: ಏಡಿ ಬಂದೇ ಇಲ್ಲ. ಒಂದೋ ವಾಸನೆ ಅದನ್ನು ಮುಟ್ಟಿಲ್ಲ, ಇಲ್ಲವೇ ಆ ಹೊತ್ತಿಗೆ ಆ ಜಾಗದಲ್ಲಿ ಅದು ಓಡಾಡುತ್ತಿಲ್ಲ.

ಎರೆ ಮುಟ್ಟಿಲ್ಲ, ಆದರೆ ಬಿಳಿಚಿಕೊಂಡು, ನೀರು ಕುಡಿದ ಹತ್ತಿಯಂತಾಗಿದೆ: ವಾಸನೆ ಪೂರ್ತಿ ತೊಳೆದುಹೋಗಿದೆ. ಮೊದಲ ಒಂದು ಗಂಟೆ ಅದು ಕೆಲಸ ಮಾಡಿರಬಹುದು, ಆಮೇಲೆ ನೀವು ಹಾಕಿಟ್ಟದ್ದು ವಾಸನೆಯಿಲ್ಲದ ತುಂಡು.

ಎರೆ ನಾರುನಾರಾಗಿ ಹರಿದಿದೆ, ಚಿಮಟದಿಂದ ಕಿತ್ತ ಹಾಗೆ ಅಂಚು ಚಿಂದಿಯಾಗಿದೆ: ಏಡಿ ಬಂದಿದೆ, ತಿಂದಿದೆ, ಹೋಗಿದೆ. ಜಾಗ ಸರಿಯಿದೆ, ಹೊತ್ತು ಸರಿಯಿದೆ. ದೋಷ ಬಲೆಯಲ್ಲಿದೆ ಅಥವಾ ನೀವು ಎಳೆಯುವ ರೀತಿಯಲ್ಲಿದೆ. ಈ ಗುರುತು ಕಂಡರೆ ದಯವಿಟ್ಟು ಜಾಗ ಬದಲಿಸಬೇಡಿ.

ಎರೆಯ ಮೇಲೆ ಸಣ್ಣ ಸಣ್ಣ ಕುಳಿಗಳು, ಮಾಂಸ ನುಣ್ಣಗೆ ಹೋಗಿ ಮುಳ್ಳಿನ ಹಂದರ ಮಾತ್ರ ಉಳಿದಿದೆ: ಇದು ಏಡಿಯ ಕೆಲಸವಲ್ಲ. ಸಣ್ಣ ಮೀನು, ಮೀನಿನ ಹೇನಿನಂಥ ಪುಟ್ಟ ಜೀವಿಗಳು, ಬಸವನಹುಳುಗಳು ತಿಂದಿವೆ. ಕಟ್ಟಿದ ದಾರ ಸಮೇತ ಎರೆ ಮಾಯವಾಗಿದ್ದರೆ ಗಂಟು ಸಡಿಲವಿತ್ತು, ಇಲ್ಲವೇ ದೊಡ್ಡ ಮೀನೋ ನೀರುನಾಯಿಯೋ ಎಳೆದೊಯ್ದಿದೆ.

ಎರೆ ಮುಟ್ಟದೆ ಬಂದಾಗ

ಏಡಿ ಎರೆಯನ್ನು ಕಣ್ಣಿನಿಂದ ಹುಡುಕುವುದಿಲ್ಲ. ತಲೆಯ ಮುಂದಿರುವ ಒಂದು ಜೊತೆ ಚಿಕ್ಕ ಮೀಸೆಗಳನ್ನು ಆಡಿಸುತ್ತ ನೀರಿನಲ್ಲಿ ಕರಗಿ ಬಂದ ವಾಸನೆಯನ್ನು ಹಿಡಿಯುತ್ತದೆ. ವಾಸನೆ ಬಂದ ದಿಕ್ಕಿಗೆ, ಎಂದರೆ ಹರಿವಿಗೆ ಎದುರಾಗಿ ನಡೆದು ಬರುತ್ತದೆ. ಇದರಿಂದ ಎರಡು ಮಾತು ಹೊರಡುತ್ತವೆ. ನೀರು ಪೂರ್ತಿ ನಿಂತ ಮೂಲೆಯಲ್ಲಿ, ಧಕ್ಕೆಯ ಗೋಡೆಯ ಹಿಂದೆ, ದೊಡ್ಡ ಬಂಡೆಯ ಮರೆಯಲ್ಲಿ ಬಲೆ ಹಾಕಿದರೆ ವಾಸನೆ ಅಲ್ಲಲ್ಲೇ ಸುತ್ತುತ್ತದೆ, ದೂರ ಹೋಗುವುದಿಲ್ಲ. ಎರಡು ಬಲೆಗಳನ್ನು ಒಂದರ ಹಿಂದೆ ಒಂದು ಹರಿವಿನ ಗೆರೆಯಲ್ಲೇ ಹಾಕಿದರೆ, ಕೆಳಗಿನಿಂದ ಬರುವ ಏಡಿಗೆ ಮೊದಲು ಸಿಗುವುದು ಕೆಳಗಿನ ಬಲೆ. ಮೇಲಿನದು ಸದಾ ಸಪ್ಪೆ. ಹರಿವಿಗೆ ಅಡ್ಡಲಾಗಿ, ಒಂದರಿಂದ ಒಂದಕ್ಕೆ 15ರಿಂದ 20 ಮೀಟರ್ ಬಿಟ್ಟು ಹಾಕಿ.

ಎರೆಯ ಗುಣ ನೋಡಿ. ಕೊಳೆತು ನಾರುವ ಎರೆಗೆ ಏಡಿ ಮುಗಿಬೀಳುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಮತ್ತು ಬಹಳ ಜನರ ದಿನವನ್ನು ಹಾಳುಮಾಡಿದೆ. ಬಲೆಗೆ ಬೇಕಾದದ್ದು ತಾಜಾ, ಎಣ್ಣೆಯಂಶವಿರುವ ಮೀನಿನ ತಲೆ, ಬೆನ್ನೆಲುಬು, ಕರುಳು. ಮಂಜುಗಡ್ಡೆಯಾಗಿರುವ ಮೀನನ್ನು ನೇರ ನೀರಿಗೆ ಬಿಟ್ಟರೆ ಮೊದಲ ಹೊತ್ತು ವಾಸನೆಯೇ ಹೊರಡದು. ಮೊದಲೇ ಕರಗಲು ಬಿಡಿ. ಚರ್ಮದ ಮೇಲೆ ಮೂರು ನಾಲ್ಕು ಕಡೆ ಮೂಳೆ ಮುಟ್ಟುವಷ್ಟು ಆಳಕ್ಕೆ ಗೀರು ಹಾಕಿ. ರಿಂಗ್ ಬಲೆಗೆ 150ರಿಂದ 200 ಗ್ರಾಂ, ಬೋನಿಗೆ 300ರಿಂದ 500 ಗ್ರಾಂ ಸಾಕು. ಕೋಳಿಯ ಕುತ್ತಿಗೆ, ಕಾಲು ಇವು ಮೀನಿನಷ್ಟು ಬೇಗ ವಾಸನೆ ಬಿಡುವುದಿಲ್ಲ, ಆದರೆ ಗಟ್ಟಿ, ಬೇಗ ಹರಿಯುವುದಿಲ್ಲ. ಕೈದಾರಕ್ಕೆ ಅವೇ ಒಳ್ಳೆಯದು. ಎರಡು ಗಂಟೆ ಕಳೆದ ಎರೆ ಮುಟ್ಟದೇ ಇದ್ದರೂ ಬದಲಿಸಿ. ಬಿಸಿಲಿಗೆ ಹಚ್ಚುವ ಕ್ರೀಮು, ಪೆಟ್ರೋಲು, ಡೀಸೆಲ್ ಮುಟ್ಟಿದ ಕೈಯಿಂದ ಎರೆ ಕಟ್ಟಬೇಡಿ. ಮೊದಲು ಮರಳು ಹಾಕಿ ಉಜ್ಜಿ ಕೈ ತೊಳೆಯಿರಿ.

ಎರೆ ಸರಿಯಿದೆ, ಆದರೂ ಮುಟ್ಟುತ್ತಿಲ್ಲ ಎಂದರೆ ಗಡಿಯಾರ ನೋಡುವ ಬದಲು ಉಬ್ಬರ ಇಳಿತದ ಪಟ್ಟಿ ನೋಡಿ. "ನಿನ್ನೆ ಸಂಜೆ ನಾಲ್ಕಕ್ಕೆ ಬಲೆ ತುಂಬ ಬಂತು, ಇವತ್ತು ನಾಲ್ಕಕ್ಕೆ ಏನೂ ಇಲ್ಲ, ಮೂರು ದಿನ ಬಿಟ್ಟು ಹೋದರೆ ಇನ್ನೂ ಕೆಟ್ಟದು" ಎಂಬ ದೂರಿಗೆ ಕಾರಣ ಬಹುತೇಕ ಇದೇ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಮೂರು ದಿನ ಕಳೆದರೆ ಎರಡೂವರೆ ಗಂಟೆಯ ವ್ಯತ್ಯಾಸ. ನೀವು ಅದೇ ಹೊತ್ತಿಗೆ ಹೋದರೂ ನೀರಿನ ಲೆಕ್ಕದಲ್ಲಿ ಬೇರೆಯೇ ಹೊತ್ತಿಗೆ ಹೋಗಿರುತ್ತೀರಿ. ನೀರು ಜೋರಾಗಿ ನುಗ್ಗುವಾಗ ಏಡಿ ತಳಕ್ಕೆ ಕಚ್ಚಿಕೊಂಡೋ ಹೂತುಕೊಂಡೋ ಇರುತ್ತದೆ, ನಡೆದಾಡುವುದಿಲ್ಲ. ಪೂರ್ತಿ ನಿಂತಾಗ ವಾಸನೆ ಹರಡುವುದಿಲ್ಲ. ಹೊಸಬರಿಗೆ ಹೆಚ್ಚು ಭರವಸೆಯ ಹೊತ್ತು, ಉಬ್ಬರ ತುದಿ ಮುಟ್ಟುವ ಮುಂಚಿನ ಒಂದು ಗಂಟೆ ಮತ್ತು ಇಳಿತ ಶುರುವಾದ ಮೇಲಿನ ಒಂದು ಗಂಟೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ದೊಡ್ಡದು, ಸೆಳೆತ ಜೋರು, ಹೀಗಾಗಿ ಈ ಒಳ್ಳೆಯ ಹೊತ್ತು ಗಿಡ್ಡವಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸೆಳೆತ ಮೆತ್ತಗೆ, ಹಗ್ಗ ಬಲೆಗಳನ್ನು ಸಂಭಾಳಿಸುವುದು ಸುಲಭ. ಕಲಿಯಲು ಆ ದಿನಗಳನ್ನೇ ಆರಿಸಿಕೊಳ್ಳಿ.

ಇನ್ನೊಂದು ಕಾರಣ ಉಪ್ಪು. ಜೋರು ಮಳೆಯಾದ ಮೇಲೆ ಅಳಿವೆಗೆ, ಎಂದರೆ ಹೊಳೆ ಸಮುದ್ರ ಸೇರುವಲ್ಲಿಗೆ, ಸಿಹಿನೀರು ತುಂಬಿ ಬರುತ್ತದೆ. ಸಿಹಿನೀರು ಹಗುರ, ಮೇಲೆ ನಿಲ್ಲುತ್ತದೆ. ಉಪ್ಪುನೀರು ಭಾರ, ಆಳದ ಗುಂಡಿಗಳಲ್ಲಿ ಉಳಿಯುತ್ತದೆ. ಏಡಿ ಆ ಗುಂಡಿಗಳಿಗೆ ಅಥವಾ ಸಮುದ್ರದ ಬಾಯಿಯ ಕಡೆಗೆ ಸರಿಯುತ್ತದೆ. ಮಳೆಗೆ ಮುಂಚೆ ದಡದ ಒಂದೂವರೆ ಮೀಟರ್ ನೀರಿನಲ್ಲಿ ಏಡಿ ಸಿಗುತ್ತಿತ್ತು, ಈಗ ಇಲ್ಲವೆಂದರೆ ಮೇಲಕ್ಕೆ ಹೋಗಬೇಡಿ. ಕೆಳಗೆ, ಆಳಕ್ಕೆ ಹೋಗಿ. ಕೆಸರಿನಲ್ಲಿ ಬಾಳುವ ಮಣ್ಣೇಡಿ, ಅಮೆರಿಕದ ಪೂರ್ವ ಕರಾವಳಿಯ ನೀಲಿ ಏಡಿ ಇವು ಉಪ್ಪಿನ ಏರುಪೇರನ್ನು ಸಾಕಷ್ಟು ತಾಳುತ್ತವೆ. ಅಮೆರಿಕದ್ದೇ ಪಶ್ಚಿಮ ಕರಾವಳಿಯ ಡಂಜನೆಸ್ ಏಡಿ ಅಷ್ಟು ತಾಳುವುದಿಲ್ಲ, ಬೇಗ ಜಾಗ ಬಿಡುತ್ತದೆ.

ಚಳಿಯೂ ಹಾಗೆಯೇ. ನೀರು ತಣ್ಣಗಾದಷ್ಟೂ ಏಡಿಯ ಓಡಾಟ, ಹಸಿವು ಎರಡೂ ಕುಗ್ಗುತ್ತವೆ. ನೀಲಿ ಏಡಿಯಂತೂ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕೆಸರಿನಲ್ಲಿ ಹೂತುಕೊಂಡು ಚಳಿಗಾಲ ಕಳೆಯುತ್ತದೆ. ಆಗ ಯಾವ ಎರೆಯೂ ನಡೆಯದು. ಪೊರೆ ಬಿಡುವ ಕಾಲವೂ ಒಂದು ಕಾರಣ: ಹಳೆಯ ಚಿಪ್ಪು ಕಳಚುವ ಮುಂಚೆ ಮತ್ತು ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಏಡಿ ಅಡಗಿಕೊಂಡು ಉಪವಾಸವಿರುತ್ತದೆ. ದಡದಲ್ಲಿ ಖಾಲಿ ಚಿಪ್ಪುಗಳು ರಾಶಿಯಾಗಿ ಕಾಣುತ್ತಿದ್ದರೆ, ಮುಟ್ಟಿದರೆ ಹಗುರ, ಒಳಗೆ ಕೊಳೆತ ಮಾಂಸವಿಲ್ಲ, ಹಿಂಭಾಗ ತೆರೆದುಕೊಂಡಿದೆ ಎಂದಾದರೆ ಅವು ಸತ್ತ ಏಡಿಗಳಲ್ಲ, ಕಳಚಿದ ಪೊರೆಗಳು. ಕೆಲವು ವಾರ ಕಾಯುವುದು ಒಳ್ಳೆಯದು.

ಇಷ್ಟೆಲ್ಲ ಕಾರಣಗಳಲ್ಲಿ ಯಾವುದು ಎಂದು ಹೇಗೆ ಗೊತ್ತಾಗಬೇಕು? ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಬಲೆಗಳಿದ್ದರೆ ಮೂರಕ್ಕೂ ಒಂದೇ ಎರೆ ಕಟ್ಟಿ. ಒಂದನ್ನು ಒಂದೂವರೆ ಮೀಟರ್ ಆಳಕ್ಕೆ, ಇನ್ನೊಂದನ್ನು ಮೂರಕ್ಕೆ, ಮತ್ತೊಂದನ್ನು ಐದಕ್ಕೆ ಹಾಕಿ. ಎರಡು ಸುತ್ತು ಎತ್ತಿ ನೋಡಿದರೆ ಆಳದ ಪ್ರಶ್ನೆ ತೀರುತ್ತದೆ. ಆಮೇಲೆ ಆ ಆಳದಲ್ಲೇ ಎರೆ ಬೇರೆ ಬೇರೆ ಮಾಡಿ. ಎರೆ, ಆಳ, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಏಡಿ ಸಿಕ್ಕರೂ ಯಾಕೆ ಸಿಕ್ಕಿತೆಂದು ತಿಳಿಯದು, ನಾಳೆ ಮತ್ತೆ ಮೊದಲಿನಿಂದ ಶುರು.

ತಿಂದ ಗುರುತಿದೆ, ಏಡಿ ಇಲ್ಲ: ರಿಂಗ್ ಬಲೆ

ಮೊದಲು ನೆಲದ ಮೇಲೆ ಪರೀಕ್ಷೆ ಮಾಡಿ. ಬಲೆಯನ್ನು ಸಮ ನೆಲಕ್ಕೆ ಇಳಿಸಿ ಹಗ್ಗ ಸಡಿಲ ಬಿಡಿ. ಮೇಲಿನ ಬಳೆ ಕೆಳಗಿನದರ ಸುತ್ತ ಪೂರ್ತಿ ಮಲಗಬೇಕು. ಒಂದು ಕಡೆ ಬಲೆಯ ನೂಲು ಬಿಗಿದು ಎದ್ದು ನಿಂತಿದ್ದರೆ ಏಡಿಗೆ ಅದು ಗೋಡೆ. ಅದು ಆ ಕಡೆಯಿಂದ ಒಳಗೆ ಬರುವುದಿಲ್ಲ, ಹೊರಗಿನಿಂದಲೇ ನೂಲಿನ ಸಂದಿಯಲ್ಲಿ ಎರೆ ಕೀಳುತ್ತದೆ. ಈಗ ನಿಧಾನ ಎತ್ತಿ. ಬಳೆಗೆ ಕಟ್ಟಿದ ಮೂರೋ ನಾಲ್ಕೋ ಎಳೆಗಳು ಒಂದೇ ಉದ್ದವಿದ್ದರೆ ಬಳೆ ಸಮವಾಗಿ ಮೇಲೇಳುತ್ತದೆ. ಒಂದು ಎಳೆ ಎರಡು ಮೂರು ಸೆಂಟಿಮೀಟರ್ ಗಿಡ್ಡವಿದ್ದರೂ ಬಳೆ ವಾಲುತ್ತದೆ. ತಗ್ಗಿದ ಕಡೆಯಿಂದ ಏಡಿ ಜಾರಿಕೊಳ್ಳುತ್ತದೆ. ಗಂಟು ಬಿಚ್ಚಿ ಅಳೆದು ಮತ್ತೆ ಕಟ್ಟಿ. ಎಳೆಗಳು ಕೂಡುವಲ್ಲಿ ಒಂದು ಚಿಕ್ಕ ಬೆಂಡು ಕಟ್ಟಿದರೆ ಹಗ್ಗ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಇಲ್ಲದಿದ್ದರೆ ಸಡಿಲ ಹಗ್ಗ ಎರೆಯ ಮೇಲೆಯೇ ಸುರುಳಿಯಾಗಿ ಬಿದ್ದು ಏಡಿಯ ಕಾಲಿಗೆ ತೊಡರುತ್ತದೆ.

ನೆಲದ ಮೇಲೆ ಸರಿಯಿದ್ದರೆ, ತಳ ಕಾಣುವಷ್ಟು ತಿಳಿನೀರಿನಲ್ಲಿ ಒಮ್ಮೆ ಬಿಟ್ಟು ನೋಡಿ. ಜೋರಾಗಿ ಎಸೆದ ಬಲೆ ಎಷ್ಟು ಸಲ ಮಗುಚಿ, ಮಡಿಚಿ ಬೀಳುತ್ತದೆ ಎಂದು ಆಗ ಗೊತ್ತಾಗುತ್ತದೆ. ಎಸೆಯುವುದಕ್ಕಿಂತ ಹಗ್ಗ ಹಿಡಿದು ಇಳಿಸುವುದೇ ಸರಿ. ತಳ ಮುಟ್ಟಿದ ಮೇಲೆ ಅರ್ಧ ಮೀಟರ್ ಹಗ್ಗ ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದರೆ ಪ್ರತಿ ಅಲೆಗೂ ಬಳೆ ಎದ್ದು ಬೀಳುತ್ತದೆ, ಏಡಿ ಬೆದರುತ್ತದೆ. ಬಂಡೆಗಲ್ಲಿನ ತಳದಲ್ಲಿ ರಿಂಗ್ ಬಲೆ ಎಂದೂ ಸರಿಯಾಗಿ ಮಲಗದು. ಮರಳು ಅಥವಾ ಗಟ್ಟಿ ಕೆಸರಿನ ತಳ ಹುಡುಕಿ.

ಇಷ್ಟೂ ಸರಿಯಿದ್ದು ಎರೆ ಮಾತ್ರ ಹರಿದು ಬರುತ್ತಿದ್ದರೆ ದೋಷ ಎಳೆಯುವುದರಲ್ಲಿದೆ. ಕ್ರಮ ಹೀಗೆ: ಬಲೆಯ ನೇರ ಮೇಲೆ ಬನ್ನಿ, ದೋಣಿಯಲ್ಲಿದ್ದರೆ ದೋಣಿಯನ್ನೇ ಅಲ್ಲಿಗೆ ತನ್ನಿ. ಸಡಿಲ ಹಗ್ಗವನ್ನು ಮೆತ್ತಗೆ ಸುತ್ತಿಕೊಂಡು ಬಿಗಿ ತಾಗುವವರೆಗೆ ತನ್ನಿ, ಅಲ್ಲಿಯವರೆಗೆ ಬಲೆ ಅಲುಗಬಾರದು. ಆಮೇಲೆ ಒಂದೇ ಜಗ್ಗಿಗೆ ಬಳೆಯನ್ನು ಎಬ್ಬಿಸಿ, ಕೈಮೇಲೆ ಕೈ ಹಾಕುತ್ತ ಎಲ್ಲೂ ನಿಲ್ಲದೆ ಎಳೆಯಿರಿ. ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಆರು ಮೀಟರ್ ಆಳದಿಂದ ಆರೇಳು ಸೆಕೆಂಡಿನಲ್ಲಿ ಮೇಲೆ ಬರಬೇಕು. ನಡುವೆ ಒಂದು ಕ್ಷಣ ನಿಂತರೂ ಬಲೆಯ ಗೋಡೆ ಸಡಿಲಾಗಿ ಈಜುವ ಏಡಿ ಹೊರಬೀಳುತ್ತದೆ. ದಡದಿಂದ ಓರೆಯಾಗಿ ಎಳೆದರೆ ಬಲೆ ಮೊದಲು ತಳದಲ್ಲಿ ತೆವಳುತ್ತದೆ, ಆಮೇಲೆ ಏಳುತ್ತದೆ. ಅಷ್ಟರಲ್ಲಿ ಒಳಗಿದ್ದುದು ಖಾಲಿ.

ಎಷ್ಟು ಹೊತ್ತು ಬಿಡಬೇಕು? 10ರಿಂದ 20 ನಿಮಿಷ. ಅರ್ಧ ಗಂಟೆ ದಾಟಿದರೆ ಬಂದವು ಹೊಟ್ಟೆ ತುಂಬಿಸಿಕೊಂಡು ಹೋಗಿರುತ್ತವೆ.

ತಿಂದ ಗುರುತಿದೆ, ಏಡಿ ಇಲ್ಲ: ಬೋನು

ಬೋನಿನಲ್ಲಿ ಎರೆ ಹರಿದಿದ್ದರೆ ಎರಡೇ ಸಾಧ್ಯತೆ. ಏಡಿ ಹೊರಗಿನಿಂದಲೇ ತಿಂದಿದೆ, ಅಥವಾ ಒಳಗೆ ಬಂದು ಹೊರಟಿದೆ.

ಹೊರಗಿನಿಂದ ತಿನ್ನುವುದು ಎರೆಯನ್ನು ಬದಿಯ ಜಾಲರಿಗೆ ಕಟ್ಟಿದಾಗ. ಎರೆ ಬೋನಿನ ನಟ್ಟನಡುವೆ, ತಳದಿಂದ ಒಂದು ಗೇಣು ಮೇಲೆ ತೂಗಬೇಕು. ಏಡಿ ಯಾವ ಬದಿಯಿಂದ ಕೊಂಡಿ (ಚಿಮಟದಂಥ ಮುಂಗಾಲು) ಚಾಚಿದರೂ ಎಟುಕಬಾರದು. ಸಣ್ಣ ಮೀನುಗಳ ಕಾಟವಿರುವಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ ಅಥವಾ ಸಣ್ಣ ಕಣ್ಣಿನ ಜಾಲರಿ ಚೀಲ ಬಳಸಿ. ಡಬ್ಬಿಯಲ್ಲಿಟ್ಟ ಎರೆ ತುಂಬ ಹೊತ್ತು ಉಳಿಯುತ್ತದೆ, ಆದರೆ ತಿನ್ನಲು ಏನೂ ಸಿಗದ ಏಡಿ ಬೇಗ ಹೊರದಾರಿ ಹುಡುಕುತ್ತದೆ. ಹಾಗಾಗಿ ಡಬ್ಬಿಯ ಜೊತೆಗೆ ಒಂದು ಮೀನಿನ ತಲೆಯನ್ನು ಬಿಚ್ಚಾಗಿಯೂ ತೂಗುಹಾಕುವುದು ಒಳ್ಳೆಯ ಹೊಂದಾಣಿಕೆ.

ಒಳಬಂದು ಹೊರಟಿದ್ದರೆ ಬಾಗಿಲು ನೋಡಿ. ಒಳಕ್ಕೆ ಮಾತ್ರ ತೆರೆಯುವ ತಂತಿ ಅಥವಾ ಪ್ಲಾಸ್ಟಿಕ್ ಕದಗಳನ್ನು ಒಂದೊಂದಾಗಿ ಬೆರಳಿನಿಂದ ತಳ್ಳಿ ಬಿಡಿ. ತಾನಾಗಿಯೇ ತಟ್ಟನೆ ಕೆಳಗೆ ಬೀಳಬೇಕು. ಪಾಚಿ, ಹುಲ್ಲು, ತುಕ್ಕು ಸಿಕ್ಕಿಕೊಂಡು ಅರ್ಧಕ್ಕೇ ನಿಂತರೆ ಅದು ತೆರೆದ ಬಾಗಿಲು. ಹೊರಗಿನಿಂದ ಒಳಕ್ಕೆ ತಳ್ಳಲು ತುಂಬ ಬಿಗಿಯಾಗಿದ್ದರೆ ಏಡಿ ಒಳಗೇ ಬರುವುದಿಲ್ಲ. ಕದವಿಲ್ಲದ, ಬಟ್ಟೆಬಲೆಯ ಕೊಳವೆಯಂಥ ಬಾಯಿಯಾದರೆ ಕೊಳವೆ ಬಿಗಿಯಾಗಿ ಎಳೆದು ನಿಂತಿರಬೇಕು. ಜೋತುಬಿದ್ದರೆ ಏಡಿ ಹತ್ತಲಾರದು. ಮುಚ್ಚಳದ ರಬ್ಬರ್ ಪಟ್ಟಿ ಬಿಸಿಲಿಗೆ ಬಿರುಕು ಬಿಟ್ಟಿದೆಯೇ ಎಂದು ಎಳೆದು ನೋಡಿ. ಮುಚ್ಚಳಕ್ಕೆ ಕಟ್ಟಿದ ಹತ್ತಿಯ ದಾರ ನವೆದು ಹರಿದಿದ್ದರೆ ಬೋನು ತೆರೆದೇ ಇರುತ್ತದೆ. ಇದು ದೋಷವಲ್ಲ, ಆ ದಾರ ಇರುವುದೇ ಹಾಗೆ ನವೆದು ಹರಿಯಲು. ಅದರ ಕಾರಣ ಕೊನೆಯಲ್ಲಿದೆ. ಪ್ರತಿ ಸಲ ಇಳಿಸುವ ಮುಂಚೆ ಜಗ್ಗಿ ನೋಡಿ, ಸಂಶಯ ಬಂದರೆ ಹತ್ತಿಯ ದಾರದಿಂದಲೇ ಬದಲಿಸಿ. ನೈಲಾನ್ ಹಾಕಬೇಡಿ.

ಬೋನನ್ನು ಇಡುವಾಗ ಬಾಯಿಗಳು ಹರಿವಿನ ಗೆರೆಯಲ್ಲಿರಲಿ. ವಾಸನೆ ಬಾಯಿಯ ಮೂಲಕವೇ ಹೊರಟರೆ ಏಡಿ ಆ ದಾರಿ ಹಿಡಿದು ನೇರ ಒಳಗೆ ಬರುತ್ತದೆ. ಬದಿಯಿಂದ ಹೊರಟರೆ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಮೃದು ಕೆಸರಿನಲ್ಲಿ ಬೋನು ಅರ್ಧ ಹೂತುಹೋದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಎತ್ತಿದಾಗ ಬೋನಿನ ಬದಿಗೆ ಎಷ್ಟು ಎತ್ತರದವರೆಗೆ ಕೆಸರು ಮೆತ್ತಿದೆ ನೋಡಿ, ಬಾಯಿಯ ಮಟ್ಟ ದಾಟಿದ್ದರೆ ಜಾಗ ಬದಲಿಸಿ. ಬೋನಿಗೆ ಎರಡರಿಂದ ನಾಲ್ಕು ಗಂಟೆ ಕೊಡಿ.

ಕೈದಾರ: ನೀರಿನ ಅಂಚಿನವರೆಗೆ ಬಂದು ಬಿಟ್ಟುಬಿಡುತ್ತದೆ

ಇದು ಎಲ್ಲರಿಗೂ ಆಗುವುದು. ನೀರಿನೊಳಗೆ ಏಡಿಯ ಭಾರವನ್ನು ನೀರೇ ಹೊರುತ್ತದೆ. ಮೇಲ್ಮೈ ದಾಟಿದ ಕೂಡಲೇ ಪೂರ್ತಿ ಭಾರ ಕೊಂಡಿಯ ಮೇಲೆ ಬೀಳುತ್ತದೆ, ಜೊತೆಗೆ ಬೆಳಕು, ನೆರಳು, ಅಲುಗಾಟ, ಅದು ಕೈಬಿಡುತ್ತದೆ. ಆದ್ದರಿಂದ ಏಡಿಯನ್ನು ದಾರದಿಂದ ನೀರಿನ ಹೊರಗೆ ತರುವ ಆಸೆಯನ್ನೇ ಬಿಡಿ. ಅದನ್ನು ಮೇಲ್ಮೈಯಿಂದ ಒಂದು ಮೊಳ ಕೆಳಗೆ ತಂದು ನಿಲ್ಲಿಸುವುದಷ್ಟೇ ದಾರದ ಕೆಲಸ. ಉಳಿದದ್ದು ಕೈಬಲೆಯದು.

ದಾರ ಎರಡು ಮೂರು ಮಿಲಿಮೀಟರ್ ದಪ್ಪ, ಎರೆಯ ಮೇಲೆ 30ರಿಂದ 60 ಗ್ರಾಂ ತೂಕದ ಗುಂಡು. ಎರೆಯನ್ನು ಸೆಳೆತ ಹೊತ್ತೊಯ್ದು ದಾರ ಓರೆಯಾಗುತ್ತಿದ್ದರೆ ಗುಂಡು ಹೆಚ್ಚಿಸಿ. ಏಡಿ ಹಿಡಿದಾಗ ಮೀನು ಕಚ್ಚಿದಂತೆ ಜರ್ರನೆ ಎಳೆತ ಇರುವುದಿಲ್ಲ. ದಾರ ಮೆಲ್ಲನೆ ಒಂದು ಕಡೆಗೆ ನಡೆಯುತ್ತದೆ, ಅಥವಾ ಹಸಿ ಬಟ್ಟೆ ತೂಗಿದಂತೆ ಭಾರ ತಾಗುತ್ತದೆ. ಆಗ ಜಗ್ಗಬೇಡಿ. ಒಂದು ಮೀಟರ್ ಏರಿಸಲು ಐದಾರು ಸೆಕೆಂಡ್ ತೆಗೆದುಕೊಳ್ಳಿ, ತಡೆಯದೆ, ಒಂದೇ ಸಮ. ನಡುವೆ ಭಾರ ಕಳೆದರೆ ದಾರವನ್ನು ಮತ್ತೆ ಅಲ್ಲಿಗೇ ಇಳಿಸಿ, ಎರಡು ನಿಮಿಷ ಕಾಯಿರಿ. ಅದೇ ಏಡಿ ಸಾಮಾನ್ಯವಾಗಿ ಮರಳಿ ಬರುತ್ತದೆ.

ಕೈಬಲೆಯನ್ನು ಏಡಿ ಕಾಣಿಸುವ ಮುಂಚೆಯೇ ನೀರಿಗಿಳಿಸಿ ಹಿಡಿದಿರಿ. ಕಂಡ ಮೇಲೆ ಬಲೆ ಚಾಚಿದರೆ ತಡವಾಯಿತು. ಮೇಲಿನಿಂದ ಮುಚ್ಚಬೇಡಿ, ತಪ್ಪಿಸಿಕೊಳ್ಳುವ ಏಡಿ ಕೆಳಕ್ಕೆ, ಪಕ್ಕಕ್ಕೆ ಹೋಗುತ್ತದೆ, ಮೇಲಕ್ಕಲ್ಲ. ಬಲೆ ಅದರ ಅಡಿಯಿಂದ ಬರಲಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಂತುಕೊಳ್ಳಿ.

ಬರೀ ಮರಿಗಳು, ಬರೀ ಹೆಣ್ಣುಗಳು, ಪೊಳ್ಳು ಏಡಿಗಳು

ಪ್ರತಿ ಸಲ ಅಂಗೈಗಿಂತ ಚಿಕ್ಕವೇ ಬರುತ್ತಿದ್ದರೆ ನೀವು ಮರಿಗಳ ಜಾಗದಲ್ಲಿದ್ದೀರಿ: ಆಳವಿಲ್ಲದ ಹುಲ್ಲಿನ ತಳ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಅಂಚು. ಮರಿಗಳು ಎರೆಯನ್ನು ಮುಗಿಸುವುದರಿಂದ ದೊಡ್ಡವು ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಆ ಹುಲ್ಲಿನ ಅಂಚು ಆಳದ ಕಾಲುವೆಗೆ ಇಳಿಯುವ ಇಳಿಜಾರಿಗೆ ಹೋಗಿ. ಬೋನಿನಲ್ಲಿ ಮರಿಗಳು ಹೊರಹೋಗುವ ಬಳೆ ಇರಲೇಬೇಕು. ಅದು ಎರೆ ಕಟ್ಟುವ ತಂತಿಯಿಂದಲೋ ಹುಲ್ಲಿನಿಂದಲೋ ಮುಚ್ಚಿಹೋಗಿದೆಯೇ ನೋಡಿ.

ಗಂಡು ಹೆಣ್ಣು ತಿಳಿಯಲು ಏಡಿಯನ್ನು ಮಗುಚಿ ಹೊಟ್ಟೆಯ ಮಡಿಕೆ ನೋಡಿ. ಗಂಡಿಗೆ ಸಪೂರ, ಚೂಪು. ಬೆಳೆದ ಹೆಣ್ಣಿಗೆ ಅಗಲ, ದುಂಡು. ಮಡಿಕೆಯ ಅಡಿಯಲ್ಲಿ ಸ್ಪಂಜಿನಂತೆ ಮೊಟ್ಟೆಯ ಗೊಂಚಲು ಕಂಡರೆ ಕೂಡಲೇ, ಎಸೆಯದೆ, ನೀರಿಗೆ ಇಳಿಸಿ ಬಿಡಿ. ಒಂದೇ ಬಲೆಯಲ್ಲಿ ಹೆಣ್ಣುಗಳೇ ತುಂಬಿ ಬರುವುದು ಅಳಿವೆಯ ಬಾಯಿಯ ಹತ್ತಿರ ಸಹಜ. ಮಣ್ಣೇಡಿ, ನೀಲಿ ಏಡಿಗಳ ಹೆಣ್ಣುಗಳು ಮೊಟ್ಟೆಯಿಡಲು ಉಪ್ಪು ಹೆಚ್ಚಿರುವ ಕಡೆಗೆ ಇಳಿಯುತ್ತವೆ. ಗಂಡು ಬೇಕಿದ್ದರೆ ಒಳಗೆ, ಹೊಳೆಯ ಕಡೆಗೆ ಸರಿಯಿರಿ.

ಅಳತೆಯಲ್ಲಿ ಆಗುವ ತಪ್ಪು ದೊಡ್ಡದು. ಎಷ್ಟು ಅಗಲವಿರಬೇಕು ಎನ್ನುವುದರಷ್ಟೇ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎನ್ನುವುದೂ ನಿಯಮದ ಭಾಗ. ಡಂಜನೆಸ್ ಏಡಿಯನ್ನು ಚಿಪ್ಪಿನ ಎರಡು ಬದಿಯ ಕೊನೆಯ ಮುಳ್ಳುಗಳ ಮುಂದೆ, ಮುಳ್ಳು ಬಿಟ್ಟು ಅಳೆಯುತ್ತಾರೆ. ನೀಲಿ ಏಡಿಯನ್ನು ಮುಳ್ಳಿನ ತುದಿಯಿಂದ ಮುಳ್ಳಿನ ತುದಿಗೆ. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಾಕಿದರೆ ಚಿಕ್ಕದು ದೊಡ್ಡದಾಗಿಯೋ ದೊಡ್ಡದು ಚಿಕ್ಕದಾಗಿಯೋ ಕಾಣುತ್ತದೆ. ಬಟ್ಟೆಯ ಟೇಪು ಚಿಪ್ಪಿನ ಉಬ್ಬಿನ ಮೇಲೆ ಬಾಗಿ ಹೆಚ್ಚು ತೋರಿಸುವುದರಿಂದ ಗಟ್ಟಿ ಅಳತೆಪಟ್ಟಿಯೇ ಬೇಕು. ನೀವಿರುವಲ್ಲಿ ಪರವಾನಗಿ, ಅಳತೆ, ಎಣಿಕೆ, ನಿಷೇಧದ ತಿಂಗಳು ಏನೆಂದು ಹೊರಡುವ ಮುಂಚೆ ತಿಳಿದುಕೊಳ್ಳಿ.

ಅಳತೆಗೆ ದೊಡ್ಡದು, ಕೈಗೆ ಹಗುರ ಎಂದರೆ ಅದು ಇತ್ತೀಚೆಗೆ ಪೊರೆ ಬಿಟ್ಟ ಏಡಿ. ಹೊಸ ಚಿಪ್ಪಿನೊಳಗೆ ನೀರೇ ಹೆಚ್ಚು, ಮಾಂಸ ತುಂಬಿಲ್ಲ. ಕಾಲಿನ ದಪ್ಪ ಗೆಣ್ಣನ್ನೋ ಹೊಟ್ಟೆಯ ಕಡೆಯ ಚಿಪ್ಪನ್ನೋ ಹೆಬ್ಬೆರಳಿನಿಂದ ಒತ್ತಿ, ತಗ್ಗಿದರೆ ಬಿಟ್ಟುಬಿಡಿ.

ಬಕೆಟ್‌ನಲ್ಲಿ ಸಾಯುತ್ತಿವೆ

ಕಾಳಜಿಯಿಂದಲೇ ಕೊಲ್ಲುವ ತಪ್ಪು ಇದು. ಬಕೆಟ್ ತುಂಬ ಸಮುದ್ರದ ನೀರು ತುಂಬಿಸಿ ಹತ್ತಾರು ಏಡಿ ಹಾಕಿದರೆ ನೀರಿನಲ್ಲಿರುವ ಆಮ್ಲಜನಕ ಬೇಗನೆ ತೀರಿಹೋಗುತ್ತದೆ, ಅವು ನೀರಿನಲ್ಲೇ ಉಸಿರುಗಟ್ಟುತ್ತವೆ. ಕಿವಿರು ಒದ್ದೆಯಾಗಿದ್ದರೆ ಏಡಿ ಗಾಳಿಯಲ್ಲೇ ಹೊತ್ತು ಕಳೆಯಬಲ್ಲದು. ನೀರು ಚೆಲ್ಲಿ, ಸಮುದ್ರದ ನೀರಿನಲ್ಲಿ ನೆನೆಸಿದ ಗೋಣಿಯನ್ನು ಅಡಿಗೂ ಮೇಲಕ್ಕೂ ಹಾಕಿ, ನೆರಳಿನಲ್ಲಿಡಿ. ಮಂಜುಗಡ್ಡೆ ಬಳಸಿದರೆ ಮುಚ್ಚಿದ ಚೀಲದಲ್ಲಿ, ಗೋಣಿಯ ಕೆಳಗೆ. ಕರಗಿದ ಸಿಹಿನೀರು ಏಡಿಗೆ ತಾಗಬಾರದು. ನಲ್ಲಿ ನೀರು ಹೊಯ್ಯಲೇಬೇಡಿ. ನೋಡಿ ಬಿಟ್ಟುಬಿಡುವುದಕ್ಕಾಗಿ ಮಕ್ಕಳು ಬಕೆಟ್‌ನಲ್ಲಿ ಇಟ್ಟಿದ್ದರೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ.

ಅಡುಗೆಗೆ ಮುಂಚೆ ಸತ್ತ ಏಡಿಯನ್ನು ತಿನ್ನಬೇಡಿ. ಸತ್ತ ಕೂಡಲೇ ಒಳಗಿನ ಜೀರ್ಣರಸ ಮತ್ತು ಬ್ಯಾಕ್ಟೀರಿಯಾ ಮಾಂಸವನ್ನು ಬೇಗ ಕೆಡಿಸುತ್ತವೆ. ಇನ್ನೊಂದು ಎಚ್ಚರಿಕೆ: ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಸಿಗುವ, ಚಿತ್ತಾರದ ಚಿಪ್ಪಿನ, ಕೊಂಡಿಯ ತುದಿ ಕಪ್ಪಾದ ಕೆಲವು ಏಡಿಗಳಲ್ಲಿ ಕುದಿಸಿದರೂ ಹೋಗದ ನರವಿಷ ಇರುತ್ತದೆ. ಜಾತಿ ಖಚಿತವಿಲ್ಲದ ಏಡಿಯನ್ನು ಅಡುಗೆಮನೆಗೆ ಒಯ್ಯಬೇಡಿ.

ಕೈ ಸಿಕ್ಕಿಕೊಂಡರೆ, ಬಲೆಗೆ ತೊಡರಿಕೊಂಡರೆ

ಏಡಿಯನ್ನು ಹಿಂದಿನಿಂದ ಹಿಡಿಯಿರಿ: ಹೆಬ್ಬೆರಳು ಹೊಟ್ಟೆಯ ಕಡೆ, ಉಳಿದ ಬೆರಳು ಚಿಪ್ಪಿನ ಮೇಲೆ, ಹಿಂಗಾಲುಗಳ ನಡುವೆ. ಮಣ್ಣೇಡಿಯ ಕೊಂಡಿ ಬೆರಳ ಮೂಳೆಗೂ ಪೆಟ್ಟು ಮಾಡಬಲ್ಲದು; ಅದನ್ನು ಇಕ್ಕಳದಿಂದಲೇ ಎತ್ತಿ. ಕಚ್ಚಿದರೆ ಕೈ ಒದರಬೇಡಿ, ಎಳೆಯಬೇಡಿ. ಎಳೆದಷ್ಟೂ ಬಿಗಿ. ಕೈಯನ್ನು ಏಡಿ ಸಮೇತ ನೀರಿನಲ್ಲಿ ಮುಳುಗಿಸಿ ಅಲುಗಾಡದೆ ಇರಿ. ಏಡಿಯ ಕಾಲಿಗೆ ತಳ ಸಿಕ್ಕರೆ ಅದು ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ಗಾಯವನ್ನು ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಬೆಚ್ಚಗಿನ ಉಪ್ಪುನೀರಿನಲ್ಲಿರುವ ವಿಬ್ರಿಯೋ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕರೆ ಅಪಾಯ. ಕೆಂಪು ಹರಡಿದರೆ, ಊದಿದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಬಲೆಗೆ ತೊಡರಿದ ಏಡಿಯ ಕಾಲು ಜಗ್ಗಿದರೆ ಅದು ಕಾಲನ್ನೇ ಕಳಚಿಬಿಡುತ್ತದೆ. ಬಲೆಯನ್ನು ಒದ್ದೆ ನೆಲದ ಮೇಲೆ ಸಡಿಲ ಬಿಟ್ಟು ಒಂದು ನಿಮಿಷ ಸುಮ್ಮನಿರಿ, ಅರ್ಧ ಕಾಲುಗಳನ್ನು ಅದೇ ಬಿಡಿಸಿಕೊಳ್ಳುತ್ತದೆ. ಉಳಿದವನ್ನು ಹಿಂದಿನ ಕಾಲಿನಿಂದ ಶುರುಮಾಡಿ, ನೂಲನ್ನು ಕಾಲಿನ ತುದಿಯ ಕಡೆಗೆ ಜಾರಿಸುತ್ತ ಬಿಡಿಸಿ.

ಬೋನೇ ಕಾಣದಿದ್ದರೆ

ಕಳ್ಳತನ ಎಂದು ತೀರ್ಮಾನಿಸುವ ಮುಂಚೆ ಇಳಿತಕ್ಕೆ ಕಾಯಿರಿ. ಉಬ್ಬರದಲ್ಲಿ ನೀರು ಏರಿ, ಸೆಳೆತ ಹಗ್ಗವನ್ನು ಓರೆ ಮಾಡಿದಾಗ ಗಿಡ್ಡ ಹಗ್ಗದ ತುದಿಗೆ ಗುರುತಿಗಾಗಿ ಕಟ್ಟಿದ ತೇಲುವ ಬೆಂಡು ಮುಳುಗಿಹೋಗುತ್ತದೆ. ನೀರು ನಿಂತಾಗ ತಾನಾಗಿಯೇ ಮೇಲೆ ಬರುತ್ತದೆ. ಹಗ್ಗದ ಉದ್ದ, ಉಬ್ಬರ ಪೂರ್ತಿ ಏರಿದಾಗಿನ ಆಳದ ಒಂದೂವರೆ ಪಟ್ಟು ಇರಬೇಕು. ಇಳಿತದಲ್ಲಿ ನಾಲ್ಕು ಮೀಟರ್ ಇದ್ದು ಉಬ್ಬರ ಎರಡು ಮೀಟರ್ ಏರಿಸುತ್ತದೆ ಎಂದಾದರೆ, ಆರರ ಒಂದೂವರೆ ಪಟ್ಟು, ಒಂಬತ್ತು ಮೀಟರ್. ನಾಲ್ಕು ಮೀಟರ್ ನೋಡಿ ಐದು ಮೀಟರ್ ಕಟ್ಟಿದವರ ಬೆಂಡೇ ಮುಳುಗುವುದು. ತೇಲುವ ಪ್ಲಾಸ್ಟಿಕ್ ಹಗ್ಗವಾದರೆ ಹೆಚ್ಚಿನ ಉದ್ದ ನೀರಿನ ಮೇಲೆ ಹರಡಿ ದೋಣಿಯ ಪ್ರೊಪೆಲ್ಲರ್‌ಗೆ ಸಿಕ್ಕಿ ಕತ್ತರಿಸುತ್ತದೆ. ಬೆಂಡಿನಿಂದ ಎರಡು ಮೀಟರ್ ಕೆಳಗೆ ಒಂದು ಸಣ್ಣ ಗುಂಡು ಕಟ್ಟಿ ಹಗ್ಗವನ್ನು ಮುಳುಗಿಸಿ. ಪ್ಲಾಸ್ಟಿಕ್ ಹಗ್ಗದ ಗಂಟು ಜಾರುವುದರಿಂದ ಗಂಟಿನಾಚೆ 15 ಸೆಂಟಿಮೀಟರ್ ಬಾಲ ಬಿಡಿ.

ಬೆಂಡು ಕಂಡರೂ ಬೇರೆ ಕಡೆ ಕಂಡರೆ ಬೋನು ತೆವಳಿದೆ. ಅದರ ನಾಲ್ಕು ಮೂಲೆಗೂ ಸಮವಾಗಿ ಹಂಚಿ ಒಟ್ಟು ಎರಡರಿಂದ ನಾಲ್ಕು ಕಿಲೋ ಕಬ್ಬಿಣದ ಸರಳು ಕಟ್ಟಿ. ಒಂದೇ ಬದಿಗೆ ಕಟ್ಟಿದರೆ ಮಗುಚುತ್ತದೆ.

ಬೆಂಡು ಇಳಿತದಲ್ಲೂ ಕಾಣದಿದ್ದರೆ ಹಾಕಿದ ಜಾಗದಿಂದ ಸೆಳೆತದ ದಿಕ್ಕಿಗೆ, ಹಗ್ಗಕ್ಕೆ ಕಟ್ಟಿದ ಮೂರುಕೊಕ್ಕೆಯ ಪಾತಾಳಗರಡಿಯಂಥ ಕೊಂಡಿಯನ್ನು ತಳದಲ್ಲಿ ಅಡ್ಡಡ್ಡ ಎಳೆಯುತ್ತ ಹುಡುಕಿ. ಹಾಕುವಾಗಲೇ ಫೋನಿನ ನಕ್ಷೆಯಲ್ಲಿ ಜಾಗ ಗುರುತು ಮಾಡಿಟ್ಟಿದ್ದರೆ ಹುಡುಕಾಟದ ಜಾಗ ತುಂಬ ಕಿರಿದಾಗುತ್ತದೆ. ಸಿಗಲೇ ಇಲ್ಲವೆಂದರೆ ಆಗ ಕೆಲಸಕ್ಕೆ ಬರುವುದು ಮುಚ್ಚಳದ ಹತ್ತಿಯ ದಾರ. ಕಳೆದುಹೋದ ಬೋನು ಸುಮ್ಮನಿರುವುದಿಲ್ಲ: ಒಳಗೆ ಸಿಕ್ಕ ಏಡಿ ಸಾಯುತ್ತದೆ, ಅದೇ ಎರೆಯಾಗಿ ಇನ್ನೊಂದನ್ನು ಕರೆಯುತ್ತದೆ, ಅದೂ ಸಾಯುತ್ತದೆ, ತಂತಿ ತುಕ್ಕು ಹಿಡಿದು ಮುರಿಯುವವರೆಗೆ ಹೀಗೇ ನಡೆಯುತ್ತದೆ. ಹತ್ತಿಯ ದಾರ ನೀರಿನಲ್ಲಿ ನವೆದು ಹರಿದಾಗ ಮುಚ್ಚಳ ತೆರೆದು ಒಳಗಿನವು ಹೊರಗೆ ನಡೆಯುತ್ತವೆ. ಇಂದು ಸಂಜೆ ಬೋನು ತೊಳೆದು ಒಣಗಿಸುವಾಗ ಆ ದಾರ ಹತ್ತಿಯದೇ, ಅದು ಹರಿದರೆ ಮುಚ್ಚಳ ನಿಜಕ್ಕೂ ತೆರೆಯುತ್ತದೆಯೇ ಎಂದು ಕತ್ತರಿಸಿ ನೋಡಿ, ಆಮೇಲೆ ಹೊಸದು ಕಟ್ಟಿ.